ಬಾಯಿಗೆ ಮೂರು ಬೆರಳು

ಬೆಳಿಗ್ಗೆ ಎದ್ದವಳೇ ನಾನು ದೇವರ ಮುಂದೆ ನಿಲ್ಲುವುದಿಲ್ಲ, ಕನ್ನಡಿಯ ಮುಂದೆ ನಿಲ್ಲುತ್ತೇನೆ. ಬಾಯಿ ಅಗಲಿಸಿ ಬಲಗೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸುತ್ತೇನೆ. ಮೂರೂ ಹೋದವೋ, ಆಮೇಲೆ ಚಹಾಕ್ಕೆ ಇಡುತ್ತೇನೆ. ಮನೆಯವರಿಗೆ ಇದು ರೂಢಿಯಾಗಿದೆ. ಮಗಳು ಮಾತ್ರ ಈಗಲೂ ಬಿಡುವುದಿಲ್ಲ. "ಅವ್ವಾ, ಮಂಗ್ಯಾನಂಗ ಕಾಣ್ತಿ ನೋಡ" ಎನ್ನುತ್ತಾಳೆ. ಕಾಣಲಿ.

ಹೋದ ವಾರ ಇಲ್ಲಿ ಒಳ್ಳೆಯ ಅಭ್ಯಾಸಗಳ ಬಗ್ಗೆ ನಾಲ್ಕು ಸಾಲು ಗೀಚಿದ್ದೆ. ಕೆಳಗೆ ಬಂದ ಪ್ರಶ್ನೆಗಳಲ್ಲಿ ಅರ್ಧ ಒಂದೇ: ನೀವು ತಂಬಾಕು ಹೇಗೆ ಬಿಟ್ಟಿರಿ, ಏನು ಸಂಕಲ್ಪ ಮಾಡಿದಿರಿ? ಸರಿ, ಸಂಕಲ್ಪದ ಕತೆಯನ್ನೇ ಹೇಳುತ್ತೇನೆ. ಓದಿದರೆ ಹುಮ್ಮಸ್ಸು ಬರುತ್ತದೆ ಎಂದುಕೊಂಡವರು ಇಲ್ಲಿಗೇ ನಿಲ್ಲಿಸಬಹುದು. ಇದರಲ್ಲಿ ಬಿಟ್ಟವಳು ನಾನು, ಸತ್ತವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ವಿಜಾಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದೆ. ಹಳೇ ಪೇಟೆಯಲ್ಲಿ ಒಂದು ವಾಡೆ, ಅದರಲ್ಲಿ ಹನ್ನೊಂದು ಸಂಸಾರ, ಅಂಗಳದಲ್ಲಿ ಒಂದು ನಲ್ಲಿ, ಹಿಂದೆ ಎರಡು ಪಾಯಖಾನೆ. ನಮ್ಮ ಪಾಲಿಗೆ ಎರಡು ಖೋಲಿ: ಒಂದರಲ್ಲಿ ಭಾವ ಮತ್ತು ನೆಗೆಣ್ಣಿ, ಇನ್ನೊಂದರಲ್ಲಿ ನಾವು. ಅಣ್ಣತಮ್ಮ ಇಬ್ಬರೂ ಚಿಂಚವಾಡದ ಕಾರ್ಖಾನೆಗಳಲ್ಲಿದ್ದರು. ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಲೋಕಲ್ ರೈಲು ಹತ್ತಿದರೆ ಮತ್ತೆ ಕಾಣಿಸುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ನಡುವಿನ ದಿನವೆಲ್ಲ ನಾನು ಮತ್ತು ಅವಳು.

ಅವಳು ನನಗಿಂತ ಎಂಟು ವರ್ಷ ಮೊದಲು ಆ ಮನೆಗೆ ಬಂದವಳು. ನಾನು ಅಕ್ಕಾರ ಎನ್ನುತ್ತಿದ್ದೆ. ದಪ್ಪ ಮೈ, ದಪ್ಪ ದನಿ, ರೊಟ್ಟಿ ಬಡಿದು ಬಡಿದು ದಪ್ಪವಾದ ಬೆರಳು. ಬಾಯಿಗೆ ರಂಜಕವಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಆ ಕೆಂಪು ಮೆಣಸಿನಕಾಯಿ ಚಟ್ನಿಯನ್ನು ನಾವು ಉಪ್ಪಿನಕಾಯಿಯಂತೆ ಹಚ್ಚಿಕೊಂಡರೆ ಅವಳು ಪಲ್ಯದಂತೆ ತಿನ್ನುತ್ತಿದ್ದಳು. ನಲ್ಲಿಯ ಜಗಳಕ್ಕೆ ಬೇಕಾದಷ್ಟು ಮರಾಠಿಯನ್ನು ನನಗೆ ಹದಿನೈದು ದಿನದಲ್ಲಿ ಕಲಿಸಿದ್ದು ಅವಳೇ. ಮಶೇರಿ ಕಲಿಸಿದ್ದೂ ಅವಳೇ.

ಮಶೇರಿ ಎಂದರೆ ತಂಬಾಕಿನ ಎಲೆಯನ್ನು ಕಬ್ಬಿಣದ ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ಹಲ್ಲುಪುಡಿಯಂತೆ ಬೆರಳಲ್ಲಿ ತಿಕ್ಕುವುದು. ವಾಡೆಯ ಮೂಲೆ ಖೋಲಿಯ ಮುದುಕಿ, ಎಲ್ಲರಿಗೂ ಮಾವಶಿ, ವಾರಕ್ಕೊಮ್ಮೆ ಹುರಿಯುತ್ತಿದ್ದಳು. ಅವತ್ತು ಇಡೀ ವಾಡೆ ಕೆಮ್ಮುತ್ತಿತ್ತು. ಗಂಡಸರು ಎದುರಿಗೇ ಬೀಡಿ ಸೇದುತ್ತಿದ್ದರು, ಹೆಂಗಸರ ಸೊಂಟದಲ್ಲಿ ಮಾತ್ರ ಪುಟ್ಟ ಡಬ್ಬಿ.

ಹೇಳಲು ನಾಚಿಕೆಯಿಲ್ಲ, ನನ್ನದು ಪಾಯಖಾನೆಯ ಸಾಲಿನಲ್ಲಿ ಶುರುವಾಯಿತು. ಊರಲ್ಲಿ ಬಯಲಿಗೆ ಹೋಗಿ ರೂಢಿ. ಇಲ್ಲಿ ಹಿಂದೆ ಆರು ಜನ ಚೊಂಬು ಹಿಡಿದು ನಿಂತು ಬಾಗಿಲು ಬಡಿಯುತ್ತಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಮೂರು ದಿನ, ನಾಲ್ಕು ದಿನ. ಹೊಟ್ಟೆ ಕಲ್ಲು. ಐದನೇ ದಿನ ಅಕ್ಕಾರ ತನ್ನ ಡಬ್ಬಿ ಮುಂದೆ ಹಿಡಿದಳು.

"ತಿಕ್ಕು. ಹತ್ತ ನಿಮಿಷದಾಗ ಹೊಟ್ಟಿ ಹಗೂರ ಆಗ್ತದ."

"ಅಯ್ಯ, ತಂಬಾಕು ಅಲ್ರೀ ಅಕ್ಕಾರ!"

"ತಂಬಾಕು ಗಂಡಸರು ತಿಂತಾರ. ಇದು ಹಲ್ಲಪುಡಿ. ನಾ ಎಂಟ ವರ್ಷ ಆತು ತಿಕ್ಕಾಕತ್ತು, ಏನ ಆಗೇದ ನನಗ? ಎಮ್ಮಿ ಆಗೀನಿ ನೋಡ."

ತಿಕ್ಕಿದೆ. ತಲೆ ಗಿರ್ರನೆ ತಿರುಗಿತು, ಅಂಗಳದ ಕಟ್ಟೆ ಹಿಡಿದು ಕುಳಿತೆ. ಮಾವಶಿ ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಕಾಯ್ ಗ ಕಾನಡೀ, ಚಢಲೀ ಕಾ?" ಅಂದಳು. ಏರಿತೇನೇ, ಅಂತ. ಏರಿತ್ತು. ಹತ್ತು ನಿಮಿಷದಲ್ಲಿ ಹೊಟ್ಟೆಯೂ ಹಗುರಾಯಿತು. ಅಲ್ಲಿಗೆ ನನ್ನ ಕತೆ ಮುಗಿಯಿತು.

ಆರು ತಿಂಗಳಲ್ಲಿ ದಿನಕ್ಕೆ ನಾಲ್ಕು ಸಲ. ಬೆಳಿಗ್ಗೆ ಸಾಲಿನಲ್ಲಿ, ಗಂಡಸರು ಹೋದ ಮೇಲೆ ಅರಿವೆ ಒಗೆಯುವಾಗ, ಮಧ್ಯಾಹ್ನದ ಊಟವಾದ ಮೇಲೆ, ಸಂಜೆ ಮುಸುರೆ ತಿಕ್ಕಿದ ಮೇಲೆ. ಪ್ರತಿ ಸಲವೂ ಇಬ್ಬರೂ ಕಟ್ಟೆಯ ಮೇಲೆ ಪಕ್ಕಪಕ್ಕ ಕೂರುತ್ತಿದ್ದೆವು. ಬೆರಳು ಬಾಯಲ್ಲಿರುವಾಗ ಮಾತಿಲ್ಲ, ಉಗಿದ ಮೇಲೆ ಮಾತೇ ಮಾತು. ಊರಲ್ಲಿದ್ದ ಅತ್ತೆಯ ಮೇಲಿನ ಸಿಟ್ಟು, ಅವಳಿಗೆ ಮಕ್ಕಳಾಗದ ಸಂಕಟ, ನನ್ನ ಎರಡನೆಯ ಬಸಿರು ಹೋದದ್ದು, ಎಲ್ಲವನ್ನೂ ಆ ಕಟ್ಟೆಯ ಮೇಲೇ ಆಡಿಕೊಂಡದ್ದು. ಎಲ್ಲರೂ ನಿಕೋಟಿನ್ ನಿಕೋಟಿನ್ ಎನ್ನುತ್ತಾರೆ. ಇರಬಹುದು. ಆದರೆ ಆ ಡಬ್ಬಿ ಮುಚ್ಚುವುದೆಂದರೆ ಆ ಕಟ್ಟೆಯಿಂದ ಎದ್ದು ಹೋಗುವುದು. ಅದು ನನಗೆ ತಂಬಾಕಿಗಿಂತ ಕಷ್ಟದ್ದಾಗಿತ್ತು.

ಎರಡು ಮೂರು ವರ್ಷದ ಮೇಲೆ ಪಕ್ಕದ ಗಣಪತಿ ಮಂಡಳದವರು ಪುಕ್ಕಟೆ ದಂತ ತಪಾಸಣೆ ಇಟ್ಟರು. ಸಣ್ಣ ವಯಸ್ಸಿನ ಡಾಕ್ಟರಮ್ಮ, ಕೈಯಲ್ಲಿ ಬ್ಯಾಟರಿ. "ತೋಂಡ ಉಘಡಾ" ಎಂದು ಬಾಯಿ ತೆಗೆಸಿದಳು. ನಮ್ಮದೇ ಮೂರು ಬೆರಳು ನಮ್ಮದೇ ಬಾಯಿಗೆ ಇಟ್ಟುಕೊಳ್ಳಲು ಹೇಳಿದಳು, ಮೂರೂ ಹೋಗದಿದ್ದರೆ ಬಾಯಿ ಬಿಗಿಯುತ್ತಿದೆ ಎಂದರ್ಥವಂತೆ. ನನ್ನವು ಮೂರೂ ಹೋದವು. ಅಕ್ಕಾರಳವು ಎರಡೇ. ಡಾಕ್ಟರಮ್ಮ ಅವಳ ಕೆನ್ನೆಯ ಒಳಗೆ ಬೆಳಕು ಬಿಟ್ಟು ನನ್ನನ್ನು ಕರೆದು ತೋರಿಸಿದಳು. ಹಾಲಿನ ಕೆನೆ ಅಂಟಿದ ಹಾಗೆ ಬಿಳಿ ಕಲೆ. ಇವತ್ತಿನಿಂದ ಇಬ್ಬರೂ ಬಿಡಬೇಕು, ಇವರಂತೂ ಬಿಡಲೇಬೇಕು, ಈ ಕಲೆ ಮುಂದೆ ಕ್ಯಾನ್ಸರ್ ಆಗಬಹುದು ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು.

ದಾರಿಯಲ್ಲಿ ಅಕ್ಕಾರ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾ ಬಂದಳು. "ನನ್ನ ಬೆರಳು ದಪ್ಪ ಅವ, ಅದಕ ಹೋಗಲಿಲ್ಲ. ಆ ಹುಡುಗಿಗೆ ಏನ ಗೊತ್ತದ?" ಅಂದಳು. ಆದರೆ ಹೆದರಿದ್ದಳು. ನಾನೂ ಹೆದರಿದ್ದೆ.

ಹೆದರಿದಾಗ ನಮ್ಮಂಥವರು ಏನು ಮಾಡುತ್ತೇವೆ? ವ್ರತ ಹಿಡಿಯುತ್ತೇವೆ. ಶ್ರಾವಣ ಹತ್ತಿರವಿತ್ತು. ಇಬ್ಬರೂ ತಲೆಗೆ ನೀರೆರೆದುಕೊಂಡು ಶಿವನ ಗುಡಿಗೆ ಹೋಗಿ ಶ್ರಾವಣವಿಡೀ ಮಶೇರಿ ಮುಟ್ಟುವುದಿಲ್ಲ ಎಂದು ಬಿಲ್ವಪತ್ರೆ ಏರಿಸಿ ಬಂದೆವು. ಮುಟ್ಟಲಿಲ್ಲ ಕೂಡ. ಮೊದಲ ವಾರ ತಲೆ ಸಿಡಿಯಿತು, ಗಂಡಂದಿರಿಗೆ ಎರಡೂ ಖೋಲಿಯಲ್ಲಿ ಬೈಗುಳ ಬಿತ್ತು. ಆದರೆ ಶಿವನಿಗೆ ಕೊಟ್ಟ ಮಾತು. ಒಂದು ತಿಂಗಳು ಒಂದು ಚಿಟಿಕೆ ಇಲ್ಲ.

ಅಮಾವಾಸ್ಯೆ ಕಳೆದು ಮರುದಿನ ಬೆಳಿಗ್ಗೆ ಅಕ್ಕಾರ ಮಾವಶಿಯ ಹತ್ತಿರ ಹೊಸದಾಗಿ ಹುರಿಸಿಕೊಂಡು ಬಂದು ನನ್ನ ಡಬ್ಬಿಯನ್ನೂ ತುಂಬಿದಳು. "ವ್ರತ ಮುಗೀತಲ್ಲ" ಅಂದಳು, ಪಾರಣೆಗೆ ಕರೆದಂತೆ. ನನಗೂ ಅದು ಸರಿ ಎನಿಸಿತು. ಅಷ್ಟೇ ಅಲ್ಲ, ಹೆಮ್ಮೆ ಎನಿಸಿತು. ಬೇಕೆಂದಾಗ ಬಿಡಬಲ್ಲೆವಲ್ಲ, ಇನ್ನೇನು ಚಿಂತೆ?

ಹೀಗೆ ಐದು ವರ್ಷ. ಶ್ರಾವಣದಲ್ಲಿ ಒಂದು ತಿಂಗಳು, ನವರಾತ್ರಿಯಲ್ಲಿ ಒಂಬತ್ತು ದಿನ. ಉಳಿದ ಕಾಲ ದುಪ್ಪಟ್ಟು. ಏಕಾದಶಿಗಳಲ್ಲಂತೂ ವಾಡೆಯ ಹೆಂಗಸರೆಲ್ಲ ಬರೀ ಹೊಟ್ಟೆಯಲ್ಲಿ ಅದನ್ನೇ ತಿಕ್ಕುತ್ತಿದ್ದರು. ಅನ್ನ ನಡೆಯುವುದಿಲ್ಲ, ಮಶೇರಿ ಉಪವಾಸಕ್ಕೆ ನಡೆಯುತ್ತದೆ! ಯಾರು ಕಟ್ಟಳೆ ಮಾಡಿದರೋ. ನಾವು ಒಂದು ವ್ರತವನ್ನೂ ಕೆಡಿಸಲಿಲ್ಲ. ಒಂದಾದರೂ ಕೆಟ್ಟಿದ್ದರೆ ನಮ್ಮ ಕೈಯಲ್ಲಿ ಆಗುವುದಿಲ್ಲ ಎಂದಾದರೂ ಗೊತ್ತಾಗುತ್ತಿತ್ತು. ವ್ರತಕ್ಕೆ ಕಡೆಯ ದಿನ ಎಂಬುದೊಂದು ಇರುತ್ತದೆ, ನಾವು ತಿಂಗಳಿಡೀ ಶಿವನನ್ನಲ್ಲ, ಆ ಕಡೆಯ ದಿನವನ್ನೇ ಧ್ಯಾನಿಸುತ್ತಿದ್ದೆವು. ಇದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು.

ತಿಳಿದದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ. ಅಕ್ಕಾರಳ ತಾಟಿನಲ್ಲಿ ರೊಟ್ಟಿ ಮಜ್ಜಿಗೆಯಲ್ಲಿ ನೆನೆದು ಅಂಬಲಿಯಾಗಿತ್ತು. ಪಲ್ಯವನ್ನು ನೀರಲ್ಲಿ ತೊಳೆದಿದ್ದಳು. ರಂಜಕದ ಭರಣಿ ಮುಂದಿತ್ತು, ಮುಚ್ಚಳ ತೆಗೆದಿರಲಿಲ್ಲ.

"ಯಾಕ್ರೀ ಅಕ್ಕಾರ, ಖಾರ ಬ್ಯಾಡೇನು?"

"ಪಿತ್ತ ಆಗೇದ."

"ಎಷ್ಟ ದಿನಾ ಆತು?"

"ನೀ ಉಣ್ಣ. ನನ್ನ ತಾಟಿನಾಗ ಏನ ನೋಡ್ತಿ?"

ನೋಡಿದೆ. ತುತ್ತು ಇಡುವಾಗ ಅವಳ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದೆ. "ಹೋಗೂಣು, ದೀಪಾವಳಿ ಆಗಲಿ" ಅಂದಳು. ದೀಪಾವಳಿ ಆಯಿತು, ಸಂಕ್ರಾಂತಿ ಆಗಲಿ ಎಂದಳು. ಭಾವನಿಗೆ ಹೇಳಿದೆ. ಅವರು ಕೇಳಿದರೆ ಹಲ್ಲುನೋವು ಎಂದು ಬಾಯಿ ಮುಚ್ಚಿಸಿದಳು.

ಆ ಊಟದ ದಿನವೇ ನಾನು ಬಿಡಲು ಶುರು ಮಾಡಿದೆ. ಗುಡಿಗೆ ಹೋಗಲಿಲ್ಲ. ಯಾವ ದೇವರಿಗೂ ತಿಳಿಸಲಿಲ್ಲ. ಸಂಜೆ ಮುಸುರೆಯ ನಂತರದ ಒಂದನ್ನು ಮಾತ್ರ ತೆಗೆದೆ. ಆ ಹೊತ್ತಿಗೆ ಬಾಯಿಗೆ ಎರಡು ಲವಂಗ. ಅದು ಎರಡು ತಿಂಗಳಿಗೆ ಗಟ್ಟಿಯಾಯಿತು. ಆಮೇಲೆ ಮಧ್ಯಾಹ್ನದ್ದು, ಅದಕ್ಕೆ ಸೋಂಪು. ಒಗೆಯುವ ಹೊತ್ತಿನದಕ್ಕೆ ನಾನು ಒಗೆಯುವ ಹೊತ್ತನ್ನೇ ಬದಲಿಸಿದೆ. ನಡುವೆ ಎಷ್ಟೋ ಸಲ ಜಾರಿದೆ. ಜಾರಿದ ದಿನ ಅಳಲಿಲ್ಲ, ಮರುದಿನ ಮತ್ತೆ ಲವಂಗ ಹಾಕಿಕೊಂಡೆ. ಬೆಳಗಿನದು ಬಹಳ ಸತಾಯಿಸಿತು, ಹೊಟ್ಟೆ ಕೇಳುತ್ತಿರಲಿಲ್ಲ. ಒಂದು ತಂಬಿಗೆ ಬಿಸಿನೀರು ಕುಡಿದು ಅಂಗಳದಲ್ಲಿ ಹತ್ತು ಸುತ್ತು ಹಾಕುತ್ತಿದ್ದೆ. ಎಲ್ಲ ಸೇರಿ ವರ್ಷದ ಮೇಲೆ ಹಿಡಿಯಿತು. ಬಿಡುವುದು ಹೇಗೆ ಎಂದು ಕೇಳಿದಿರಲ್ಲ, ಇಷ್ಟೇ ಅದು. ಬೇಸರದ ಕೆಲಸ.

ಈಗ ನಾನು ಮಾಡಿದ್ದನ್ನು ಕೇಳಿ.

ಉಳಿದ ಹೊತ್ತುಗಳಿಗೆ ಏನಾದರೂ ಕೆಲಸದ ನೆವ ಹೇಳಿ ಕಟ್ಟೆ ತಪ್ಪಿಸಿಕೊಂಡಿದ್ದೆ. ಬೆಳಗಿನದನ್ನು ಬಿಡಲು ಹೊರಟಾಗ ಒಂದು ದಿನ ಅವಳಿಗೆ ಹೇಳಿಯೇ ನೋಡಿದ್ದೆ. "ಅಕ್ಕಾರ, ನನಗ ಇವತ್ತ ಬ್ಯಾಡ್ರಿ" ಅಂದೆ.

"ಯಾಕ, ಡಾಕ್ಟರಣಿ ಆದೇನ ನೀನೂ? ಬಿಡ, ದೊಡ್ಡಾಕಿ ಆದಿ. ನಾ ಒಬ್ಬಾಕಿನೇ ಕುಂದರತೀನಿ."

ಮೂರು ದಿನ ಮಾತು ಬಿಟ್ಟಳು. ಕಟ್ಟೆಯ ಮೇಲೆ ಒಬ್ಬಳೇ ಕೂತು ಗೋಡೆ ನೋಡುತ್ತಾ ತಿಕ್ಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಇನ್ನೊಂದು ಭಯವೂ ಇತ್ತು: ಅವಳು ಡಬ್ಬಿ ಮುಂದೆ ಹಿಡಿದರೆ ಬೇಡ ಎನ್ನುವ ಗಟ್ಟಿತನ ನನಗಿರಲಿಲ್ಲ. ಹಾಗಾಗಿ ಇಸ್ತ್ರಿಯವನ ಹತ್ತಿರ ಎರಡು ತುಂಡು ಇದ್ದಲಿ ತಂದು ನುಣ್ಣಗೆ ಅರೆದು, ಚೂರು ಉಪ್ಪು ಬೆರೆಸಿ ನನ್ನ ಡಬ್ಬಿಗೆ ತುಂಬಿದೆ. ಅದೇ ಕಪ್ಪು. ವಾಸನೆ ಬೇರೆ, ಆದರೆ ಅವಳ ಬಾಯಿಯ ವಾಸನೆಯೇ ಅವಳ ಮೂಗು ತುಂಬಿರುತ್ತಿತ್ತು. ನಾಲ್ಕನೇ ದಿನ ಹೋಗಿ ಪಕ್ಕದಲ್ಲಿ ಕೂತೆ. ಡಬ್ಬಿ ತೆಗೆದು ತಿಕ್ಕಿದೆ. ಅವಳು ಮೊಣಕೈಯಿಂದ ತಿವಿದು ನಕ್ಕಳು.

"ಬಂದೇನ? ಗೊತ್ತಿತ್ತ ನನಗ."

ಎರಡು ವರ್ಷ ಹಾಗೆ ಕೂತೆ. ನಾನು ಇದ್ದಲಿ, ಅವಳು ತಂಬಾಕು. ಅವಳ ಜೊತೆ ಬಿಡಬಾರದೆಂದು ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ ಅವಳು ಒಂದೇ ಉತ್ತರ ಕೊಡುತ್ತಿದ್ದಳು. "ನೀನೂ ತಿಕ್ಕತಿಯಲ್ಲ, ನಿನಗೇನ ಆಗೇದ? ನಿನ್ನ ಮಾರಿ ನೋಡ, ಗುಲಾಬಿ ಆಗೇದ. ಮಶೇರಿದಲ್ಲ ಇದು, ನನ್ನ ಪಿತ್ತದ್ದ." ನನ್ನ ಮುಖ ನೋಡಿ ಅವಳು ಧೈರ್ಯ ತಂದುಕೊಳ್ಳುತ್ತಿದ್ದಳು. ಆ ಮುಖಕ್ಕೆ ಬಣ್ಣ ಬಂದದ್ದು ತಂಬಾಕು ಬಿಟ್ಟದ್ದರಿಂದ. ಇದನ್ನು ನಾನು ಕೇಳುತ್ತಾ, ಇದ್ದಲಿ ತಿಕ್ಕುತ್ತಾ ಸುಮ್ಮನಿದ್ದೆ.

ಒಂದು ದಿನ ಅವಳದು ಮುಗಿದಿತ್ತು. ಕೈ ಚಾಚಿದಳು. "ನಿನ್ನ ಡಬ್ಬಿ ಕೊಡ, ಒಂದ ಚಿಟಿಗಿ."

ಮುಚ್ಚಳ ಒತ್ತಿ ಸೊಂಟಕ್ಕೆ ಸಿಕ್ಕಿಸಿದೆ. "ನಂದೂ ಮುಗದದ್ರೀ ಅಕ್ಕಾರ. ಮಾವಶಿ ಕಡೆ ತರತೀನಿ ತಡೀರಿ."

ಹೋಗಿ ತಂದೆ. ನನ್ನ ಕೈಯಾರೆ ಅವಳ ಡಬ್ಬಿ ತುಂಬಿ ಕೊಟ್ಟೆ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಡಬ್ಬಿ ಕೊಟ್ಟಿದ್ದರೆ ಅವಳಿಗೇ ಗೊತ್ತಾಗುತ್ತಿತ್ತು, ನಾನು ಬಾಯಿ ಬಿಡುವುದೂ ಬೇಕಿರಲಿಲ್ಲ.

ಆ ಬೇಸಿಗೆಯಲ್ಲಿ ಕೆನ್ನೆಯ ಹೊರಗೂ ಗಂಟು ಕಾಣಿಸಿತು. ಭಾವ ಈಗ ಕೇಳಲಿಲ್ಲ, ಎಳೆದುಕೊಂಡೇ ಹೋದರು. ಆಸ್ಪತ್ರೆಯಲ್ಲಿ ಗಂಟಿನ ಚೂರು ಕತ್ತರಿಸಿ ತಪಾಸಣೆಗೆ ಕಳಿಸಿದರು. ವಾರದ ಮೇಲೆ ಡಾಕ್ಟರು ಭಾವನನ್ನು ಒಳಗೆ ಕರೆದರು. ಹೊರಗೆ ಬಂದಾಗ ಅವರು ಚಪ್ಪಲಿ ಮೆಟ್ಟುವುದನ್ನು ಮರೆತು ಬರಿಗಾಲಲ್ಲೇ ರಸ್ತೆಯ ತನಕ ನಡೆದರು. ಕೆಳದವಡೆಯ ಅರ್ಧ ತೆಗೆಯಬೇಕು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿಯಬೇಕು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಾರ್ಡಿನಲ್ಲಿ ನಾವಿಬ್ಬರೇ. ಅವಳು ಕಿಟಕಿ ನೋಡುತ್ತಾ, ಹಲ್ಲು ಕಚ್ಚಿದ ಹಾಗೆ ಮಾತಾಡಿದಳು, ಬಾಯಿ ಅಷ್ಟೇ ತೆರೆಯುತ್ತಿತ್ತು.

"ಇಬ್ಬರೂ ಕೂಡೇ ತಿಕ್ಕಿದ್ವಿ. ನಿನಗ ಏನೂ ಆಗಲಿಲ್ಲ. ನನ್ನ ಹಣೇಬರಾನ ಹಿಂಗದ ನೋಡ."

ಹಣೆಬರಹ ಎಂದಳಲ್ಲ, ಆಗ ನನಗೆ ತಡೆಯಲಾಗಲಿಲ್ಲ.

"ಅಕ್ಕಾರ, ನನ್ನ ಡಬ್ಬ್ಯಾಗ ಇದ್ದದ್ದು ಇದ್ದಲಿ."

ತಿರುಗಿ ನೋಡಿದಳು. "ಏನ?"

"ಮಶೇರಿ ಅಲ್ರೀ. ಇದ್ದಲಿ ಪುಡಿ. ನಾ ಬಿಟ್ಟ ಎರಡ ವರ್ಷ ಆತು."

ನರ್ಸು ಬಂದು ಬಿಪಿ ನೋಡಿ ಹೋದಳು. ಪಕ್ಕದ ಹಾಸಿಗೆಯವರು ಮೋಸಂಬಿ ಸುಲಿದರು. ಅಕ್ಕಾರ ನನ್ನನ್ನೇ ನೋಡುತ್ತಿದ್ದಳು, ಬೈಯಲಿ ಎಂದು ನಾನು ಕಾಯುತ್ತಿದ್ದೆ. ಅವಳ ಬೈಗುಳದ ಅಳತೆ ನನಗೆ ಗೊತ್ತಿತ್ತು. ಬೈಯಲಿಲ್ಲ.

"ನೀ ಹೇಳಿದ್ದರ ನಾ ಬಿಡತಿದ್ದೆ ಅಂತ ನಾ ಹೇಳಂಗಿಲ್ಲ," ಅಂದಳು. "ಬಿಡತಿದ್ದಿಲ್ಲೋ ಏನೋ. ಆದರ ಹೇಳಬೇಕಾಗಿತ್ತು."

ಅಷ್ಟೇ. ಗೋಡೆಯ ಕಡೆ ತಿರುಗಿ ಮಲಗಿದಳು.

ಆಪರೇಷನ್ ಆಯಿತು. ಮೂಗಿನಲ್ಲಿ ನಳಿಕೆ, ಅದರಲ್ಲಿ ಹಾಲು, ಗಂಜಿ. ಮುಖದ ಒಂದು ಬದಿ ಒಳಗೆ ಹೋಗಿತ್ತು. ಸ್ವಲ್ಪ ಸುಧಾರಿಸಿದ ಮೇಲೆ ಆಸ್ಪತ್ರೆಯವರು ಐಸ್ ಕ್ಯಾಂಡಿಯ ಕಡ್ಡಿಯಂಥ ಕಟ್ಟಿಗೆ ಪಟ್ಟಿಗಳನ್ನು ಕೊಟ್ಟರು. ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಸಿಕ್ಕಿಸಬೇಕು, ಸ್ವಲ್ಪ ಹೊತ್ತು ತಡೆಯಬೇಕು, ಮತ್ತೆ ಒಂದು ಸೇರಿಸಬೇಕು. ದಿನಕ್ಕೆ ಐದು ಸಲ. ಇಲ್ಲದಿದ್ದರೆ ಬಾಯಿ ಪೂರ್ತಿ ಮುಚ್ಚಿಹೋಗುತ್ತದೆ.

ಮೊದಲ ದಿನ ಐದು ಪಟ್ಟಿ ಹಿಡಿದವು. ಆರನೆಯದಕ್ಕೆ ಕಣ್ಣಲ್ಲಿ ನೀರು ಇಳಿಯಿತು. ಎಂಥ ಹೆಂಗಸು ಎಂದರೆ, ಒಂದು ಹೊತ್ತೂ ತಪ್ಪಿಸಲಿಲ್ಲ. ಅವಳು ಯಾವ ದೇವರ ಹೆಸರೂ ಎತ್ತಲಿಲ್ಲ, ಯಾವ ಹಬ್ಬದ ತನಕ ಎಂದೂ ಹೇಳಲಿಲ್ಲ. ಶ್ರಾವಣ ಬಂತು, ಹೋಯಿತು, ಕಡ್ಡಿ ನಡೆದೇ ಇತ್ತು. ಅದೇ ಕಟ್ಟೆ, ಅದೇ ಹೊತ್ತು. ಮಾವಶಿ ಒಮ್ಮೆ ಎದುರಿಗೆ ಬಂದು ನಿಂತು, ಕಡ್ಡಿ ಕಚ್ಚಿದ ಅವಳನ್ನು ನೋಡಿ ತನ್ನ ಖೋಲಿಗೆ ಹೋದಳು. ಆ ವಾರ ವಾಡೆಯಲ್ಲಿ ಹುರಿಯುವ ಹೊಗೆ ಏಳಲಿಲ್ಲ. ಮುಂದಿನ ವಾರ ಎದ್ದಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಬೆಳಿಗ್ಗೆ, ಐದು ಕಡ್ಡಿ ಮುಗಿಸಿ, ಅಕ್ಕಾರ ನನ್ನ ಗದ್ದ ಹಿಡಿದಳು. ಮಾತು ತೊದಲುತ್ತಿತ್ತು, ನನಗೆ ಮಾತ್ರ ತಿಳಿಯುತ್ತಿತ್ತು.

"ಬಾಯಿ ತಗಿ."

"ನಾ ಬಿಟ್ಟೀನಲ್ರೀ ಅಕ್ಕಾರ."

"ನಿನ್ನ ಮಾತಿನ ಮ್ಯಾಲ ಭರೋಸಾ ಇಲ್ಲ ನನಗ. ತಗಿ."

ತೆಗೆದೆ. ಅವಳು ತನ್ನದೇ ಮೂರು ಬೆರಳು ನನ್ನ ಬಾಯಿಗೆ ಇಟ್ಟಳು. ಮೂರೂ ಹೋದವು. ಬಗ್ಗಿ ಒಳಗೆ ಕೆನ್ನೆ ನೋಡಿದಳು, ಮೂಸಿ ನೋಡಿದಳು, ಸೀರೆಗೆ ಬೆರಳು ಒರೆಸಿಕೊಂಡಳು. ಮರುದಿನವೂ ಅದೇ. ಸಿಟ್ಟಿನಿಂದ ಮಾಡುತ್ತಿದ್ದಳೋ ಅಕ್ಕರೆಯಿಂದಲೋ ನಾನು ಕೇಳಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಬಾಯಿ ತೆಗೆದು ನಿಲ್ಲುತ್ತಿದ್ದೆ.

ಕಡ್ಡಿಗಳು ಹನ್ನೊಂದರ ತನಕ ಏರಿದವು. ಹನ್ನೊಂದಾದ ದಿನ ನೆನೆಸಿದ ರೊಟ್ಟಿಯ ಒಂದು ತುಣುಕು ತಿಂದಳು, ತುದಿ ಬೆರಳಲ್ಲಿ ರಂಜಕ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು ಉರಿಯಿಂದ ಕಾಲು ಬಡಿದು ನಕ್ಕಳು. ಮುಂದಿನ ತಿಂಗಳು ಕುತ್ತಿಗೆಯಲ್ಲಿ ಹೊಸ ಗಂಟು ಬಂತು. ಕಡ್ಡಿ ಒಂಬತ್ತಾಯಿತು, ಏಳಾಯಿತು. ಆದರೂ ಬಿಡಲಿಲ್ಲ. ಕೊನೆಯ ವಾರದಲ್ಲಿ ಎರಡು ಸಿಕ್ಕಿಸುವುದಕ್ಕೂ ನಾನು ಹಿಡಿದುಕೊಳ್ಳಬೇಕಿತ್ತು. ಆಪರೇಷನ್ ಆಗಿ ಒಂದೂವರೆ ವರ್ಷಕ್ಕೆ ಹೋದಳು.

ಆಮೇಲೆ ವಾಡೆ ಬಿಲ್ಡರನ ಪಾಲಾಯಿತು. ನಾವು ಚಿಂಚವಾಡಕ್ಕೆ ಬಂದೆವು. ಮನೆಯೊಳಗೇ ಪಾಯಖಾನೆ, ಬಾಗಿಲು ಬಡಿಯುವವರಿಲ್ಲ.

ಹೋಗುವ ಎರಡು ದಿನ ಮುಂಚೆಯೂ ಅವಳು ನನ್ನ ಬಾಯಿ ತೆಗೆಸಿದ್ದಳು. ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ, ನಾನೇ ಬಗ್ಗಿದೆ. ರೊಟ್ಟಿ ಬಡಿದ ಆ ದಪ್ಪ ಬೆರಳುಗಳು ಕಡ್ಡಿಯಾಗಿದ್ದವು. ಮೂರಲ್ಲ, ನಾಲ್ಕೂ ಹೋದವು. ಅವಳಿಗೆ ಸಮಾಧಾನವಾಗಲಿಲ್ಲ. ನನ್ನ ಕೈ ಹಿಡಿದು, ನನ್ನದೇ ಮೂರು ಬೆರಳು ಜೋಡಿಸಿ, ನನ್ನ ಬಾಯಿಗೆ ಒತ್ತಿದಳು.

"ಹಿಂಗ ನೋಡ್ಕೊ," ಅಂದಳು. "ದಿನಾ."